ಅಡ್ಮಿಷನ್ ಮೇಜಿನ ಮೇಲೆ ಇರಬೇಕಾದ ಪುಸ್ತಕ

ಸೀಟು ಕೇಳಿಕೊಂಡು ಶಾಲೆಗೆ ಬರುವವರು ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳುತ್ತಾರೆ. ಮೊದಲು ಗೇಟಿನಲ್ಲಿ ವಾಚ್‌ಮನ್ ಹತ್ತಿರ, ಆಮೇಲೆ ಆಫೀಸಿನಲ್ಲಿ ನಮ್ಮ ಹತ್ತಿರ, ಕೊನೆಗೆ ಹೆಡ್‌ಮಾಸ್ಟರ ಬಾಗಿಲಲ್ಲಿ ಯಾರು ಸಿಕ್ಕರೆ ಅವರ ಹತ್ತಿರ. ಮೂರು ಕಡೆಯೂ ಒಂದೇ ಉತ್ತರ ಬಂದರೆ ನಂಬಿಕೆ ಹುಟ್ಟುತ್ತದೆ. ಮೂರು ಥರ ಬಂದರೆ, ಅವತ್ತಿನ ಕೂಲಿ ಬಿಟ್ಟು ಬಂದ ತಾಯಿ ಮಗುವನ್ನು ಕರೆದುಕೊಂಡು ವಾಪಸು ಹೋಗುತ್ತಾಳೆ, ಮತ್ತೆ ಬರುತ್ತಾಳೆ ಅನ್ನುವ ಖಾತ್ರಿ ಇಲ್ಲ. ನಾನು ಹೇಳುತ್ತಿರುವ, ಇಂಥ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪುಸ್ತಕ ಇರುವುದು ಇದನ್ನು ತಪ್ಪಿಸುವುದಕ್ಕೆ. ಅಡ್ಮಿಷನ್ ಮೇಜಿನಲ್ಲಿ ಯಾರೇ ಕೂತಿದ್ದರೂ, ಹೊಸಬರಾಗಲಿ ಹಳಬರಾಗಲಿ, ಅವರ ಬಾಯಿಂದ ಒಂದೇ ಉತ್ತರ ಬರಬೇಕು. ಆ ಉತ್ತರ ಎಲ್ಲಿಂದ ಬಂತು ಅನ್ನುವುದೂ ಅದೇ ಪುಟದಲ್ಲಿ ಇರಬೇಕು.

ನಾನು ಕೆಲಸ ಮಾಡುವ ಶಾಲೆ ತುಮಕೂರಿನಲ್ಲಿದೆ. ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ, ಸ್ಟೇಟ್ ಸಿಲಬಸ್. ಹೈಸ್ಕೂಲು ಅನುದಾನಿತ, ಕೆಳಗಿನ ತರಗತಿಗಳು ಅನುದಾನರಹಿತ. ನಮ್ಮಲ್ಲಿಗೆ ಊರಿನ ವ್ಯಾಪಾರಸ್ಥರ ಮಕ್ಕಳೂ ಬರುತ್ತಾರೆ, ವಸಂತನರಸಾಪುರದ ಕಾರ್ಖಾನೆಗಳಿಗೆ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳೂ ಬರುತ್ತಾರೆ. ಹಾಗಾಗಿ ಒಂದೇ ಮೇಜಿಗೆ ಹತ್ತಾರು ಥರದ ಕಾಗದ ಬರುತ್ತವೆ. ಮಾರ್ಚ್‌ನಿಂದ ಜೂನ್‌ವರೆಗೆ ನನ್ನ ಜೊತೆ ಹೊಸ ಹುಡುಗಿಯರನ್ನು ಕೂರಿಸುತ್ತಾರೆ. ಅವರಿಗೆ ಕೆಲಸ ಹೇಳಿಕೊಡುತ್ತಾ ಈ ಪುಸ್ತಕಕ್ಕೆ ಒಂದು ರೂಪ ಬಂದಿದೆ.

ಮೊದಲು ಪ್ರಶ್ನೆಗಳನ್ನು ಕೂಡಿಹಾಕಿ

ಎರಡು ಪುಸ್ತಕ ಬೇಕು. ಒಂದು ಇನ್ನೂರು ಪುಟದ ಸಾಧಾರಣ ಲಾಂಗ್ ಬುಕ್, ಇನ್ನೊಂದು ಎ4 ಅಳತೆಯ ರಿಂಗ್ ಫೈಲ್. ಕೆಲಸ ಶುರುವಾಗುವುದು ಲಾಂಗ್ ಬುಕ್‌ನಿಂದ. ಮೇಜಿಗೆ ಬಂದವರು, ಫೋನ್ ಮಾಡಿದವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ‘ಮಗೀಗೆ ಐದೂವರೆ ಆಗೈತೆ, ಒಂದನೇ ಕ್ಲಾಸಿಗೆ ಹಾಕ್ಬೋದಾ?’ ಅಂತ ಕೇಳಿದರೆ ಹಾಗೇ ಬರೆಯಿರಿ. ‘ವಯೋಮಿತಿ ವಿಚಾರಣೆ’ ಅಂತ ತಿದ್ದಿ ಬರೆದರೆ, ಜನ ನಿಜವಾಗಿ ಏನು ಕೇಳುತ್ತಿದ್ದಾರೆ ಅನ್ನುವುದೇ ಕಳೆದುಹೋಗುತ್ತದೆ. ಒಂದು ಸೀಸನ್ ಪೂರ್ತಿ ಕಾಯಬೇಕಿಲ್ಲ, ಎರಡು ವಾರ ಬರೆದರೆ ಮುಕ್ಕಾಲು ಪಾಲು ಪ್ರಶ್ನೆ ಬಂದುಬಿಡುತ್ತವೆ. ಉಳಿದವು ಬಂದಾಗ ಸೇರಿಸಿಕೊಳ್ಳಿ.

ಆಮೇಲೆ ಎಣಿಸಿ. ಹೆಚ್ಚು ಸಲ ಕೇಳಿದ ಪ್ರಶ್ನೆ ರಿಂಗ್ ಫೈಲಿನ ಮುಂದಿನ ಪುಟಗಳಿಗೆ ಹೋಗಬೇಕು. ಆಫೀಸಿನವರು ಫೈಲ್ ಮಾಡಿದರೆ ಶಾಲೆಯ ಇತಿಹಾಸ, ಆಡಳಿತ ಮಂಡಳಿಯ ಹೆಸರು, ಹಿಂದಿನ ಸಾಲಿನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಮುಂದೆ ಬರುತ್ತವೆ. ಮೇಜಿಗೆ ಬರುವವರು ಅದನ್ನು ಕೇಳುವುದು ಬಹಳ ಕಡಿಮೆ. ಅವರು ಕೇಳುವುದು ವಯಸ್ಸು, ಕಾಗದ, ದುಡ್ಡು, ಬಸ್ಸು. ಫೈಲೂ ಇದೇ ಕ್ರಮದಲ್ಲಿ ಇರಲಿ.

ಪ್ರತಿ ಪುಟದಲ್ಲೂ ನಾಲ್ಕು ಸಂಗತಿ ಇರಬೇಕು. ಮೇಲೆ ಪ್ರಶ್ನೆ, ಅದರ ಕೆಳಗೆ ಬಾಯಲ್ಲಿ ಹೇಳುವಷ್ಟೇ ಉದ್ದದ ಉತ್ತರ, ಆ ಉತ್ತರಕ್ಕೆ ಆಧಾರವಾದ ಆದೇಶ ಅಥವಾ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ, ಕೊನೆಗೆ ನಮ್ಮಲ್ಲಿ ಯಾರು ಯಾವತ್ತು ಅದನ್ನು ಪರಿಶೀಲಿಸಿದರು ಅನ್ನುವ ಸಹಿ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ಪುಸ್ತಕದ ಜೀವ ಇರುವುದು ಅದರಲ್ಲೇ. ‘ಹಾಗಂತ ಕೇಳಿದ್ದೆ’ ಅನ್ನುವ ಆಧಾರದ ಮೇಲೆ ಒಂದು ಸಾಲೂ ಬರೆಯಬೇಡಿ. ಸುತ್ತೋಲೆಯ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪುಟದ ಹಿಂದೆಯೇ ಇಡಿ.

ವಯಸ್ಸಿನ ಪುಟ

ಮೊದಲ ಪುಟ ಇದೇ ಆಗುತ್ತದೆ. ಈ ನಿಯಮ ಎಷ್ಟು ಸಲ ಅಲುಗಾಡಿದೆ ನೋಡಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಅದು ಜಾರಿಗೆ ಬರಬೇಕಿದ್ದದ್ದು 2025–26ರಿಂದ. ಆ ಹೊತ್ತಿಗೆ ಯುಕೆಜಿ ಮುಗಿಸಿದ ಎಷ್ಟೋ ಮಕ್ಕಳು ಕೆಲವೇ ತಿಂಗಳ ಕೊರತೆಯಿಂದ ಸಿಕ್ಕಿಹಾಕಿಕೊಂಡರು. ಪೋಷಕರು ಒತ್ತಾಯ ಮಾಡಿದ ಮೇಲೆ 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಪ್ರಕಟಿಸಿದರು. ‘ನಮ್ಮ ಅಕ್ಕನ ಮಗಳಿಗೆ ಐದೂವರೆಗೇ ಕೊಟ್ರಲ್ಲ ಮೇಡಂ’ ಅಂತ ಈಗ ಕೇಳುವವರು ಸುಳ್ಳು ಹೇಳುತ್ತಿಲ್ಲ. ಆ ಸಾಲಿನಲ್ಲಿ ಹಾಗೇ ಆಗಿದೆ. ಪುಟದಲ್ಲಿ ಈ ಹಿನ್ನೆಲೆ ಎರಡು ಸಾಲಿನಲ್ಲಿ ಇದ್ದರೆ ಹೊಸ ಹುಡುಗಿಗೂ ಸಮಾಧಾನವಾಗಿ ವಿವರಿಸಲು ಬರುತ್ತದೆ. ಇಲ್ಲದಿದ್ದರೆ ಅವಳು ‘ಇಲ್ಲ, ಆಗಲ್ಲ’ ಅಂದುಬಿಡುತ್ತಾಳೆ, ಮಾತು ಜಗಳಕ್ಕೆ ಹೋಗುತ್ತದೆ.

ಈ ಪುಟದಲ್ಲಿ ವಯಸ್ಸು ಬರೆಯಬೇಡಿ, ಹುಟ್ಟಿದ ದಿನಾಂಕ ಬರೆಯಿರಿ. ಆರು ವರ್ಷದ ನಿಯಮದ ಪ್ರಕಾರ 2026ರ ಜೂನ್‌ಗೆ ಒಂದನೇ ತರಗತಿ ಸೇರುವ ಮಗು 2020ರ ಜೂನ್ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿರಬೇಕು. ಯುಕೆಜಿಗೆ 2021ರ ಜೂನ್ 1, ಎಲ್‌ಕೆಜಿಗೆ 2022ರ ಜೂನ್ 1. ಹೀಗೆ ಮೂರು ದಿನಾಂಕ ದಪ್ಪಕ್ಷರದಲ್ಲಿ ಇದ್ದರೆ ಮೇಜಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕುವ ಕೆಲಸ ಇರುವುದಿಲ್ಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ಈ ಪುಟ ಹೊಸದಾಗಿ ಬರೆಯಬೇಕು, ಬರೆಯುವ ಮುಂಚೆ ಆ ಸಾಲಿನ ಆದೇಶವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಖಚಿತ ಮಾಡಿಕೊಳ್ಳಬೇಕು.

ಇನ್ನೊಂದು ಸಾಲು ಸೇರಿಸಿ. ಕೇಂದ್ರೀಯ ವಿದ್ಯಾಲಯದವರು ಆರು ವರ್ಷವನ್ನು ಮಾರ್ಚ್ 31ಕ್ಕೆ ಲೆಕ್ಕ ಹಾಕುತ್ತಾರೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹುಟ್ಟಿದ ಮಗುವಿಗೆ ನಮ್ಮಲ್ಲಿ ವಯಸ್ಸು ತುಂಬಿರುತ್ತದೆ, ಅಲ್ಲಿ ತುಂಬಿರುವುದಿಲ್ಲ. ಎರಡೂ ಕಡೆ ಅರ್ಜಿ ಹಾಕುವ ಪೋಷಕರು ಇದರಲ್ಲಿ ಗೊಂದಲ ಮಾಡಿಕೊಂಡೇ ಮೇಜಿಗೆ ಬರುತ್ತಾರೆ.

ಕಾಗದದ ಪುಟ: ಇಲ್ಲದಿದ್ದರೆ ಏನು?

ಬೇಕಾದ ಕಾಗದಗಳ ಪಟ್ಟಿ ಎಲ್ಲ ಶಾಲೆಯ ಗೋಡೆಯ ಮೇಲೂ ಇದೆ. ನಮ್ಮ ಪುಸ್ತಕದಲ್ಲಿ ಆ ಪಟ್ಟಿಯ ಪಕ್ಕ ಇನ್ನೊಂದು ಕಾಲಂ ಇದೆ: ‘ಇದು ಇಲ್ಲದಿದ್ದರೆ ಇವತ್ತು ಏನು ಮಾಡಬೇಕು.’ ನನ್ನನ್ನು ಕೇಳಿದರೆ ಇಡೀ ಪುಸ್ತಕದಲ್ಲಿ ಅತಿ ಮುಖ್ಯವಾದದ್ದು ಈ ಕಾಲಂ. ಎಲ್ಲ ಕಾಗದ ಕೈಯಲ್ಲಿ ಹಿಡಿದು ಬಂದವರಿಗೆ ಪುಸ್ತಕವೇ ಬೇಕಿಲ್ಲ.

ಜನನ ಪ್ರಮಾಣಪತ್ರ ತೆಗೆದುಕೊಳ್ಳಿ. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 14 ಹೇಳುತ್ತದೆ. ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ತರಗತಿವರೆಗೆ ಅನ್ವಯ. ಜನನ ಪ್ರಮಾಣಪತ್ರದ ಬದಲು ಆಸ್ಪತ್ರೆ ಅಥವಾ ದಾದಿಯ ರಿಜಿಸ್ಟರಿನ ದಾಖಲೆ, ಅಂಗನವಾಡಿ ದಾಖಲೆ, ಅದೂ ಇಲ್ಲದಿದ್ದರೆ ತಂದೆತಾಯಿಯ ಘೋಷಣೆ, ಹೀಗೆ ದಾರಿ ಇದೆ. ನಮ್ಮ ಕಡೆ ಬಹಳ ತಾಯಂದಿರ ಹತ್ತಿರ ತಾಯಿ ಕಾರ್ಡ್ ಇರುತ್ತದೆ, ಅದರಲ್ಲಿ ಹೆರಿಗೆಯ ದಿನಾಂಕ ಬರೆದಿರುತ್ತಾರೆ. ‘ಬರ್ತ್ ಸರ್ಟಿಫಿಕೇಟ್ ಇಲ್ಲ ಮೇಡಂ’ ಅಂದ ತಕ್ಷಣ ‘ತಾಯಿ ಕಾರ್ಡ್ ಇದ್ಯೇನಮ್ಮ, ಅಂಗನವಾಡಿಗೆ ಹೋಗ್ತಿತ್ತಾ ಮಗು?’ ಅಂತ ಕೇಳುವುದು ಪುಟದಲ್ಲೇ ಬರೆದಿರಲಿ. ಜೊತೆಗೆ ಪ್ರಮಾಣಪತ್ರ ಮಾಡಿಸುವ ದಾರಿಯನ್ನೂ ಬರೆಯಿರಿ: ಎಲ್ಲಿ ಹುಟ್ಟಿತೋ ಅಲ್ಲಿನ ನೋಂದಣಿ ಕಚೇರಿ. ಬೇರೆ ಊರಲ್ಲಿ ಹುಟ್ಟಿದ ಮಗುವಿಗೆ ತುಮಕೂರಿನ ಪಾಲಿಕೆಗೆ ಅಲೆದರೆ ಪ್ರಯೋಜನ ಇಲ್ಲ ಅನ್ನುವುದನ್ನು ಮೊದಲೇ ಹೇಳಿದರೆ ಅವರಿಗೆ ಒಂದು ದಿನ ಉಳಿಯುತ್ತದೆ. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ದಾಖಲೆ. ಆ ಮಕ್ಕಳು ಎಲ್‌ಕೆಜಿ ಬಾಗಿಲಿಗೆ ಬರುವ ಕಾಲ ಹತ್ತಿರವಾಗಿದೆ. ಚಿಕ್ಕ ಮಗು ಎತ್ತಿಕೊಂಡು ದೊಡ್ಡ ಮಗುವಿನ ಅಡ್ಮಿಷನ್ನಿಗೆ ಬಂದ ತಾಯಿಗೆ ಈಗಲೇ ಒಂದು ಮಾತು ಹೇಳಿಬಿಡಿ.

ಆಧಾರ್ ಬಗ್ಗೆ ಒಂದು ಪುಟ ಬೇಕೇ ಬೇಕು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಆದರೆ ವಿದ್ಯಾರ್ಥಿವೇತನಕ್ಕೆ, ಯುಡೈಸ್ ಪ್ಲಸ್‌ನಲ್ಲಿ (ಕೇಂದ್ರದ ಶಾಲಾ ಮಾಹಿತಿ ಜಾಲತಾಣ) ಅಪಾರ್ ಅನ್ನುವ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಸಲು ಆಮೇಲೆ ಅದೇ ಕೇಳುತ್ತಾರೆ. ಹಾಗಾಗಿ ಉತ್ತರ ಎರಡು ಭಾಗದಲ್ಲಿ ಬರೆಯಬೇಕು: ‘ಸೀಟಿಗೆ ಇದು ಅಡ್ಡಿ ಇಲ್ಲ, ಸೇರಿಸಿ. ಮುಂದೆ ಬೇಕಾಗುತ್ತದೆ, ನಿಧಾನಕ್ಕೆ ಮಾಡಿಸಿ.’ ಬರೀ ‘ಆಧಾರ್ ತನ್ನಿ’ ಅಂದರೆ ಬಡವರು ಅದನ್ನು ‘ಸೀಟಿಲ್ಲ’ ಅಂತಲೇ ಕೇಳಿಸಿಕೊಳ್ಳುತ್ತಾರೆ.

ಟಿಸಿ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು. ಕೇಳಿದ ಕೂಡಲೇ ಹಳೆ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪ್ರಮಾಣಪತ್ರ ಕೊಡಬೇಕು, ಅದು ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ತಡೆಯಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5ರಲ್ಲಿದೆ. ಸೆಕ್ಷನ್ ಪೂರ್ತಿ ಓದಿದರೆ ಆ ಹಕ್ಕು ಸರ್ಕಾರಿ, ಅನುದಾನಿತ ಶಾಲೆಗೆ ಹೋಗುವ ಮಗುವಿನದು ಅಂತ ಗೊತ್ತಾಗುತ್ತದೆ. ಅನುದಾನರಹಿತ ಶಾಲೆಯವರು ತಮ್ಮ ಹೆಡ್‌ಮಾಸ್ಟರ ಹತ್ತಿರ ಕೂತು, ಟಿಸಿ ಬರುವ ತನಕ ಮಗುವನ್ನು ತರಗತಿಯಲ್ಲಿ ಕೂರಿಸುತ್ತೇವೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಿ, ಬರೆದು, ಸಹಿ ಹಾಕಿಸಿಕೊಳ್ಳಬೇಕು. ಕೂರಿಸಿ ಅನ್ನುವುದು ನನ್ನ ಅಭಿಪ್ರಾಯ. ಹಳೆ ಶಾಲೆಯ ಜೊತೆ ದೊಡ್ಡವರ ಫೀಸಿನ ಜಗಳ ಇತ್ಯರ್ಥ ಆಗುವ ತನಕ ಮಗು ಮನೆಯಲ್ಲಿ ಕೂತರೆ ಹೋಗುವುದು ಮಗುವಿನ ಪಾಠ.

ರಾಜ್ಯದೊಳಗಿನ ಶಾಲೆಯಿಂದ ಬಂದವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ: ಸ್ಯಾಟ್ಸ್ ನಂಬರ್ (ರಾಜ್ಯದ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಸಂಖ್ಯೆ) ಎಷ್ಟು? ಅದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹಳೆ ಪ್ರೋಗ್ರೆಸ್ ಕಾರ್ಡಿನ ಮೇಲೆ ಸಾಮಾನ್ಯವಾಗಿ ಬರೆದಿರುತ್ತಾರೆ. ಬೇರೆ ರಾಜ್ಯದವರಾದರೆ ಯುಡೈಸ್ ಪ್ಲಸ್‌ನಲ್ಲಿ ಮಗುವಿಗೆ ಕೊಟ್ಟ ಕಾಯಂ ಸಂಖ್ಯೆ, ಅಂದರೆ ಪೆನ್ ಸಂಖ್ಯೆ ಕೇಳಿ. ಹಳೆ ಶಾಲೆಯವರು ಅದರಲ್ಲಿ ಮಗುವಿನ ಹೆಸರನ್ನು ಡ್ರಾಪ್ ಬಾಕ್ಸಿಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಹಾಕಿದರೆ ಮಾತ್ರ ನಾವು ನಮ್ಮ ಶಾಲೆಗೆ ಎಳೆದುಕೊಳ್ಳಬಹುದು. ಒಡಿಶಾದ, ಬಿಹಾರದ ಶಾಲೆಗೆ ಫೋನ್ ಮಾಡಿ ಇದನ್ನು ವಿವರಿಸಲು ಹಿಂದಿಯಲ್ಲಿ ನಾಲ್ಕು ವಾಕ್ಯ ಕನ್ನಡ ಲಿಪಿಯಲ್ಲೇ ಬರೆದಿಡಿ. ಫೋನ್ ಹಿಡಿದ ಹುಡುಗಿ ಅದನ್ನು ನೋಡಿಕೊಂಡೇ ಮಾತಾಡಲಿ.

ಹೆಸರಿನ ಪುಟ

ಇದನ್ನು ಪುಸ್ತಕದಲ್ಲಿ ಸೇರಿಸುವವರು ಕಡಿಮೆ. ಪ್ರವೇಶದ ರಿಜಿಸ್ಟರಿನಲ್ಲಿ ಇವತ್ತು ಬರೆದ ಹೆಸರು, ಹುಟ್ಟಿದ ದಿನಾಂಕ ಹತ್ತು ವರ್ಷ ಕಳೆದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೇಲೆ ಕೂರುತ್ತದೆ. ಅಲ್ಲಿಂದ ಮುಂದೆ ಅದೇ ಗತಿ. ಹತ್ತನೇ ತರಗತಿ ದಾಟಿದ ಮೇಲೆ ತಿದ್ದಿಸಲು ಹೋದವರ ಪಾಡು ಕಣ್ಣಾರೆ ನೋಡಿದ್ದೇನೆ.

ಮೇಜಿನಲ್ಲಿ ಮಾಡಬೇಕಾದದ್ದು ಇಷ್ಟು. ಜನನ ಪ್ರಮಾಣಪತ್ರ, ಆಧಾರ್, ಟಿಸಿ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ, ತಂದೆಯ ಹೆಸರು ಪೂರ್ತಿ ಸೇರಿದೆಯೋ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇದೆಯೋ ನೋಡಿ. ವ್ಯತ್ಯಾಸ ಇದ್ದರೆ ಯಾವುದನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ತಿದ್ದಿಸುತ್ತಾರೆ ಅಂತ ತಂದೆತಾಯಿಯನ್ನೇ ಕೇಳಿ. ನೀವು ತೀರ್ಮಾನ ಮಾಡಬೇಡಿ. ರಿಜಿಸ್ಟರಿಗೆ ಏರಿಸುವ ಮುಂಚೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿ, ಓದಲು ಬಾರದವರಿಗೆ ಒಂದೊಂದೇ ಅಕ್ಷರ ಓದಿ ಹೇಳಿ, ಆ ಚೀಟಿಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡು ಅರ್ಜಿಯ ಜೊತೆ ಇಡಿ. ಯುಡೈಸ್‌ನಲ್ಲಿರುವ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಾಣಿಕೆ ಆಗದೆ ಅಪಾರ್ ನಿಂತುಹೋದ ಮಕ್ಕಳ ಪಟ್ಟಿ ಎಲ್ಲ ಶಾಲೆಯಲ್ಲೂ ಇದೆ. ಆ ತೊಂದರೆಯನ್ನು ತಡೆಯಬಹುದಾದ ಜಾಗ ಅಡ್ಮಿಷನ್ ಮೇಜು.

ಜಾತಿ, ಆದಾಯ ಪ್ರಮಾಣಪತ್ರಕ್ಕೂ ಇದೇ ಮಾತು. ನಾಡಕಚೇರಿಯಿಂದ ಬರುವ ಆ ಕಾಗದದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಬೇಕಾಗುವುದು ಆ ಸಂಖ್ಯೆ. ಮಗುವಿನ ಹೆಸರಿನಲ್ಲೇ ಮಾಡಿಸಿ ಅಂತ ಹೇಳುವುದನ್ನು ಮರೆಯಬೇಡಿ. ತಂದೆಯ ಹೆಸರಿನ ಕಾಗದ ತಂದು ಮತ್ತೆ ನಾಡಕಚೇರಿಗೆ ಹೋಗುವವರು ಬಹಳ.

ಕೇಳಬಾರದ್ದು

ಎಲ್‌ಕೆಜಿ, ಒಂದನೇ ತರಗತಿಗೆ ಬಂದ ಮಗುವಿನ ಹತ್ತಿರ ‘ಎ ಬಿ ಸಿ ಡಿ ಹೇಳು ಪುಟ್ಟ, ನಂಬರ್ಸ್ ಬರುತ್ತಾ?’ ಅಂತ ಪ್ರೀತಿಯಿಂದಲೇ ಕೇಳುವ ಅಭ್ಯಾಸ ಎಲ್ಲ ಕಡೆ ಇದೆ. ಅದು ಪರೀಕ್ಷೆಯಾಗುತ್ತದೆ. ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸೋಸಿ ಆರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 13 ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಕ್ಯಾಪಿಟೇಷನ್, ಅಂದರೆ ಸೀಟಿಗೆ ವಂತಿಗೆ, ತೆಗೆದುಕೊಂಡರೆ ತೆಗೆದುಕೊಂಡದ್ದರ ಹತ್ತರಷ್ಟರವರೆಗೆ. ದಂಡಕ್ಕಿಂತ ನನಗೆ ಮುಖ್ಯವಾದದ್ದು ಬೇರೆ. ಹೊಸ ಜಾಗ, ಹೊಸ ಮುಖ ನೋಡಿ ಬಾಯಿ ಬಿಡದ ಮಗುವನ್ನು ಆಮೇಲೆ ಹೊರಗೆ ಹೋಗಿ ಅಪ್ಪ ಗದರುತ್ತಾನೆ. ಮಗು ಶಾಲೆಯನ್ನು ನೋಡುವುದು ಅವತ್ತೇ ಮೊದಲು. ಹಾಗಾಗಿ ಈ ಪುಟದಲ್ಲಿ ಕೇಳಬಾರದ ಪ್ರಶ್ನೆಗಳನ್ನು ಒಂದೊಂದಾಗಿ ಬರೆದಿದ್ದೇವೆ: ಮಗುವಿಗೆ ಏನು ಬರುತ್ತದೆ, ತಾಯಿ ಎಷ್ಟು ಓದಿದ್ದಾರೆ, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ, ಸ್ವಂತ ಮನೆಯಾ. ಮಗುವಿನ ಹತ್ತಿರ ಕೇಳಬಹುದಾದದ್ದು, ‘ನೀರು ಬೇಕಾ?’

ಅಂಗವೈಕಲ್ಯ ಇರುವ ಮಗು ಬಂದಾಗ ಮೇಜಿನಲ್ಲಿ ಕೂತವರು ‘ನಮ್ಮಲ್ಲಿ ಅನುಕೂಲ ಇಲ್ಲ’ ಅನ್ನುವ ಮಾತು ಆಡಲೇಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರತಿಯನ್ನೂ, ಇಂಥ ಮಕ್ಕಳ ಕಲಿಕೆಗೆ ನೆರವಾಗುವ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರ ಕಚೇರಿ ನಂಬರನ್ನೂ ಈ ಪುಟದಲ್ಲಿ ಇಡಿ. ಅರ್ಜಿ ತೆಗೆದುಕೊಂಡು, ಹೆಡ್‌ಮಾಸ್ಟರ ಹತ್ತಿರ ಅವತ್ತೇ ಕರೆದುಕೊಂಡು ಹೋಗಬೇಕು.

ಆರ್‌ಟಿಇ ಸೀಟು, ಭಾಷೆ, ಫೀಸು, ಬಸ್ಸು

‘ಆರ್‌ಟಿಇ ಸೀಟು ಇದ್ಯಾ?’ ಅನ್ನುವ ಪ್ರಶ್ನೆ ಇನ್ನೂ ನಿಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟ ಉಚಿತ ಸೀಟು ಅದು. ರಾಜ್ಯದ ನಿಯಮಕ್ಕೆ ತಿದ್ದುಪಡಿ ಆದ ಮೇಲೆ, 2019–20ರ ಸಾಲಿನಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆ ಶೇ 25ರ ಸೀಟು ಸಿಗುವುದಿಲ್ಲ. ಊರೊಳಗಿನ ಬಹುಪಾಲು ಶಾಲೆಗಳಿಗೆ ಇದೇ ಉತ್ತರ.

ಭಾಷೆಯ ಪುಟದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇರಲಿ. ರಾಜ್ಯದ ಎಲ್ಲ ಶಾಲೆಯಲ್ಲೂ, ಯಾವ ಬೋರ್ಡ್ ಆದರೂ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು.  ಎಂಟನೇ ತರಗತಿಗೆ ಬೇರೆ ರಾಜ್ಯದಿಂದ ಬಂದ ಮಗುವಿನ ತಂದೆತಾಯಿಗೆ ಇದನ್ನು ಅಡ್ಮಿಷನ್ ದಿನವೇ ಹೇಳಬೇಕು. ‘ಆಮೇಲೆ ನೋಡೋಣ’ ಅಂತ ಭರವಸೆ ಕೊಡಬಾರದು.

ಫೀಸಿನ ಪುಟ ಒಂದೇ ಹಾಳೆ. ಆಡಳಿತ ಮಂಡಳಿಯ ಸಹಿ ಇರುವ ಮುದ್ರಿತ ಪಟ್ಟಿ, ಕಂತಿನ ದಿನಾಂಕ, ರಿಯಾಯಿತಿ ಕೊಡುವ ಅಧಿಕಾರ ಯಾರಿಗೆ ಅನ್ನುವುದು. ಕೈಬರಹದ ಅಂಕಿ ಒಂದೂ ಇರಬಾರದು. ಬಸ್ಸಿಗೆ ಸ್ಟಾಪು, ಹೊತ್ತು, ದರ ಸಾಕು.

ನಮ್ಮಲ್ಲಿ ಆಗದಿದ್ದಾಗ

ಇದು ನಮ್ಮ ಫೈಲಿನ ಕೊನೆಯ ಭಾಗ. ಇದನ್ನು ಸೇರಿಸಲು ಆಡಳಿತ ಮಂಡಳಿಯನ್ನು ಒಪ್ಪಿಸಬೇಕಾಯಿತು. ಸೀಟಿಲ್ಲದಿದ್ದರೆ, ಫೀಸು ಕೈಗೆಟುಕದಿದ್ದರೆ, ಮಗು ಮುಂದೆ ಎಲ್ಲಿಗೆ ಹೋಗಬಹುದು ಅಂತ ಹೇಳುವ ಪುಟಗಳು ಅಲ್ಲಿವೆ. ಹತ್ತಿರದ ಸರ್ಕಾರಿ ಶಾಲೆಗಳ ಹೆಸರು, ವಿಳಾಸ, ಯಾವ ಮಾಧ್ಯಮ, ಎಷ್ಟನೇ ತರಗತಿವರೆಗೆ ಇದೆ. ಎಲ್‌ಕೆಜಿಯೂ ಇರುವ ಕರ್ನಾಟಕ ಪಬ್ಲಿಕ್ ಶಾಲೆ ಎಲ್ಲಿದೆ. ಅಲ್ಲಿ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಉಚಿತ ಅನ್ನುವುದು ಹೊಸದಾಗಿ ಊರಿಗೆ ಬಂದ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇರುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯ, ಇವುಗಳ ಅರ್ಜಿ ಯಾವ ತಿಂಗಳಲ್ಲಿ ಕರೆಯುತ್ತಾರೆ ಅಂತ ಪ್ರತಿ ವರ್ಷ ಪ್ರಕಟಣೆ ನೋಡಿ ಬರೆಯುತ್ತೇವೆ. ಮಗು ಐದನೇ ತರಗತಿಯಲ್ಲಿ ಇರುವಾಗಲೇ ಗೊತ್ತಾದರೆ ಮಾತ್ರ ಉಪಯೋಗ.

ದಸರಾ ರಜೆ ಮುಗಿದ ಮೇಲೆ ಬರುವ ಕುಟುಂಬಗಳೂ ಇವೆ, ಕಟ್ಟಡದ ಕೆಲಸ ಮುಗಿದು ಜಾಗ ಬದಲಾಯಿಸಿದವರು. ‘ಅಡ್ಮಿಷನ್ ಮುಗೀತು’ ಅನ್ನುವ ಉತ್ತರ ಅವರಿಗೆ ಕೊಡುವಂತಿಲ್ಲ, ನಡುವರ್ಷದಲ್ಲಿ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 15 ಇದೆ. ಶಾಲೆ ಬಿಟ್ಟ ಮಗು ಕಂಡರೆ ಕ್ಲಸ್ಟರಿನ ಸಿಆರ್‌ಪಿಗೆ (ಆ ಭಾಗದ ಶಾಲೆಗಳ ಸಂಪನ್ಮೂಲ ವ್ಯಕ್ತಿ) ತಿಳಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೇ ಪುಟದಲ್ಲಿ, ದೊಡ್ಡದಾಗಿ.

ಫೈಲನ್ನು ಉಳಿಸಿಕೊಳ್ಳುವುದು

ಕಂಪ್ಯೂಟರಿನಲ್ಲೇ ಇಡಬಹುದಲ್ಲ ಅಂತ ಕೇಳುತ್ತಾರೆ. ಟೈಪ್ ಮಾಡಿ ಅಲ್ಲೂ ಇಡಿ. ಆದರೆ ಮೇಜಿನ ಮೇಲೆ ಕಾಗದವೇ ಇರಲಿ, ಯಾಕೆಂದರೆ ಫೈಲನ್ನು ಎದುರಿಗೆ ಕೂತವರ ಕಡೆ ತಿರುಗಿಸಿ ತೋರಿಸಬೇಕು. ಮಾತು ನಂಬದವರು ಸೀಲು ಇರುವ ಸುತ್ತೋಲೆ ನೋಡಿದ ಮೇಲೆ ಸಮಾಧಾನ ಆಗುತ್ತಾರೆ. ಅಕ್ಷರ ದೊಡ್ಡದಿರಲಿ, ಮುಖ್ಯ ಪುಟಗಳಲ್ಲಿ ಕನ್ನಡದ ಕೆಳಗೆ ಉರ್ದು, ಹಿಂದಿಯಲ್ಲೂ ಒಂದೊಂದು ಸಾಲು ಇರಲಿ.

ಪೋಷಕರ ಫೋನ್ ನಂಬರ್, ಆಧಾರ್ ಜೆರಾಕ್ಸ್, ಯಾವುದೇ ಕುಟುಂಬದ ಬಗ್ಗೆ ಟಿಪ್ಪಣಿ, ಇವು ಈ ಫೈಲಿನೊಳಗೆ ಬರಬಾರದು. ಹತ್ತಾರು ಜನ ಬಗ್ಗಿ ನೋಡುವ ಪುಸ್ತಕ ಇದು.

ನಿಯಮ ಬದಲಾದರೆ ಹಳೆ ಪುಟ ಹರಿಯಬೇಡಿ. ಅಡ್ಡಗೆರೆ ಎಳೆದು, ‘ಇಂಥ ದಿನಾಂಕದವರೆಗೆ’ ಅಂತ ಬರೆದು ಹಿಂದಿನ ಭಾಗಕ್ಕೆ ಸೇರಿಸಿ. ಹೋದ ವರ್ಷ ಹೇಳಿದ್ದು ತಪ್ಪಲ್ಲ, ಆಗಿನ ನಿಯಮ ಹಾಗಿತ್ತು ಅಂತ ತೋರಿಸಲು ಅದೇ ಸಾಕ್ಷಿ. ಸೀಸನ್‌ನಲ್ಲಿ ವಾರಕ್ಕೊಂದು ಸಲ, ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ, ಲಾಂಗ್ ಬುಕ್ಕಿನ ಹೊಸ ಪ್ರಶ್ನೆಗಳನ್ನು ಎಲ್ಲರೂ ಕೂತು ನೋಡಿ. ಉತ್ತರ ಗೊತ್ತಿಲ್ಲದ್ದನ್ನು ಒಬ್ಬರ ಹೆಸರಿಗೆ ಹಾಕಿ, ಸೋಮವಾರ ಬಿಇಒ ಆಫೀಸಿಗೆ ಅವರೇ ಫೋನ್ ಮಾಡಲಿ. ವಾಚ್‌ಮನ್‌ನನ್ನೂ ಆ ಸಭೆಗೆ ಕರೆಯಿರಿ. ಮೊದಲ ಪ್ರಶ್ನೆ ಕೇಳಿಸಿಕೊಳ್ಳುವುದು ಅವನು. ವಯಸ್ಸಿನ ಪುಟದ ಒಂದು ಪ್ರತಿ ಅವನ ಗೂಡಿನಲ್ಲೂ ಅಂಟಿಸಿ.